ಕಾರಿನ ಎಂಜಿನ್ ಆಯಿಲ್ ನೀವೇ ಬದಲಿಸುವುದಾದರೆ: ಬಿಗಿ ಎಷ್ಟು, ಮಟ್ಟ ಎಷ್ಟು

ಎಂಜಿನ್ ಆಯಿಲ್ ಬದಲಿಸುವುದರಲ್ಲಿ ಬಿಚ್ಚುವುದೂ ಸುರಿಯುವುದೂ ಯಾರಿಗೂ ಕಷ್ಟವಲ್ಲ. ಕೆಲಸ ಕೆಡುವುದು ಬೇರೆ ಎರಡು ಕಡೆ: ಆಯಿಲ್ ಬಸಿಯಲು ಎಂಜಿನ್ ತಳದಲ್ಲಿರುವ ಡ್ರೇನ್ ಬೋಲ್ಟು, ಫಿಲ್ಟರು ಎಷ್ಟು ಬಿಗಿಯಾದವು ಎನ್ನುವಲ್ಲಿ, ಆಯಿಲ್ ಯಾವ ಮಟ್ಟಕ್ಕೆ ನಿಂತಿತು ಎನ್ನುವಲ್ಲಿ. ಸೋರಿಕೆ, ಥ್ರೆಡ್ ಹೋಗುವುದು, ಹೊಗೆ, ಕೆಂಪು ದೀಪ, ಯಾವುದರ ಜಾಡು ಹಿಡಿದು ಹಿಂದಕ್ಕೆ ಹೋದರೂ ಸಾಮಾನ್ಯವಾಗಿ ಈ ಎರಡರಲ್ಲೊಂದು ಸಿಗುತ್ತದೆ. ಹಾಗಾಗಿ ಇಲ್ಲಿ ಅವೆರಡಕ್ಕೇ ಹೆಚ್ಚು ಜಾಗ. ಮೊದಲ ಸಲ ಮಾಡುವವರು ಎರಡು ಗಂಟೆ ಬಿಡುವು ಇಟ್ಟುಕೊಳ್ಳಿ. ಅವಸರವಿರುವ ದಿನ ಕಾರಿನ ಕೆಳಗೆ ಹೋಗಲೇಬೇಡಿ.

ಯಾವ ಆಯಿಲ್, ಎಷ್ಟು

ಕಾರಿನ ಜೊತೆ ಬಂದ ಮ್ಯಾನ್ಯುಯಲ್‌ನಲ್ಲಿ ಮೂರು ವಿಷಯ ಹುಡುಕಿ: ಗ್ರೇಡ್, ಗುಣಮಟ್ಟದ ಸ್ಪೆಸಿಫಿಕೇಶನ್, ಪ್ರಮಾಣ. ಹೆಚ್ಚಿನವರು ಗ್ರೇಡ್ ಒಂದನ್ನೇ ನೋಡಿ ಡಬ್ಬ ತರುತ್ತಾರೆ. ಅದು ಸಾಲದು.

5ಡಬ್ಲ್ಯು-30 ಎಂದಿದ್ದರೆ, ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎನ್ನುವುದರ ಗುರುತು. 5ಡಬ್ಲ್ಯು ಆಯಿಲನ್ನು ಸ್ಟಾರ್ಟ್ ಆಗುವ ಪರೀಕ್ಷೆಗೆ ಒಡ್ಡುವುದು ಮೈನಸ್ 30 ಡಿಗ್ರಿಯಲ್ಲಿ, 10ಡಬ್ಲ್ಯು ಆದರೆ ಮೈನಸ್ 25ರಲ್ಲಿ. ಎರಡನೆಯ ಅಂಕಿ 100 ಡಿಗ್ರಿ ಬಿಸಿಯಲ್ಲಿ ಅದರ ಸ್ನಿಗ್ಧತೆ. 30 ಎಂದರೆ 9.3ರಿಂದ 12.5 ಸೆಂಟಿಸ್ಟೋಕ್‌ನೊಳಗೆ, 40 ಎಂದರೆ 12.5ರಿಂದ 16.3ರೊಳಗೆ. ದಪ್ಪ ಆಯಿಲ್ ಹಾಕಿದರೆ ಎಂಜಿನ್‌ಗೆ ಒಳ್ಳೆಯದು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಆದರೆ 20 ಗ್ರೇಡ್‌ಗೆಂದು ಕಟ್ಟಿದ ಎಂಜಿನ್‌ನಲ್ಲಿ ಬೇರಿಂಗ್ ಸಂದು, ಆಯಿಲ್ ಪಂಪು, ವಾಲ್ವ್ ಟೈಮಿಂಗ್ ಬದಲಿಸುವ ಸೊಲೆನಾಯ್ಡ್‌ಗಳು ಎಲ್ಲವೂ ಆ ತೆಳುವಿಗೆ ಹೊಂದಿಕೊಂಡಿರುತ್ತವೆ. ಮ್ಯಾನ್ಯುಯಲ್ ಅನುಮತಿಸಿದ ಪಟ್ಟಿಯಿಂದ ಹೊರಗೆ ಹೋಗಬೇಡಿ.

ಸ್ಪೆಸಿಫಿಕೇಶನ್ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು ಬೇಕು. ನೇರವಾಗಿ ಸಿಲಿಂಡರ್‌ಗೇ ಪೆಟ್ರೋಲ್ ಚಿಮ್ಮಿಸುವ ಟರ್ಬೊ ಎಂಜಿನ್‌ಗಳಲ್ಲಿ ಕಡಿಮೆ ವೇಗದಲ್ಲಿ ಇಂಧನ ಕಾಲಕ್ಕೆ ಮುಂಚೆಯೇ ಹೊತ್ತಿಕೊಂಡು ಪಿಸ್ಟನ್ ಒಡೆಯುವ ಅಪಾಯವಿದೆ. ಅದನ್ನು ತಡೆಯುವ ಪರೀಕ್ಷೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ 2020ರಲ್ಲಿ ತಂದ ಎಸ್‌ಪಿ ದರ್ಜೆಯಲ್ಲಿದೆ. ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇದ್ದರೆ ಬೂದಿ ಕಡಿಮೆ ಬಿಡುವ ಆಯಿಲೇ ಬೇಕು. ಯುರೋಪಿನ ವಾಹನ ತಯಾರಕರ ಸಂಘ ಎಸಿಇಎ ಗೊತ್ತುಮಾಡಿದ ಸಿ2, ಸಿ3 ಮುಂತಾದ ದರ್ಜೆಗಳು ಅದಕ್ಕಾಗಿಯೇ ಇವೆ. ಮಸಿಯನ್ನು ಡಿಪಿಎಫ್ ಸುಟ್ಟು ಕಳೆಯುತ್ತದೆ. ಆಯಿಲ್‌ನಿಂದ ಬಂದ ಬೂದಿ ಸುಡುವುದಿಲ್ಲ, ಅಲ್ಲೇ ಕೂತು ಫಿಲ್ಟರನ್ನು ಮುಚ್ಚುತ್ತದೆ. ಟೈಮಿಂಗ್ ಬೆಲ್ಟ್ ಆಯಿಲ್‌ನಲ್ಲೇ ನೆನೆದು ಓಡುವ ಎಂಜಿನ್ ನಿಮ್ಮದಾದರೆ ಕಂಪನಿ ಹೆಸರಿಸಿದ ಸ್ಪೆಸಿಫಿಕೇಶನ್ ಬಿಟ್ಟು ಬೇರೆ ಹಾಕಲೇಬಾರದು. ತಪ್ಪು ಆಯಿಲ್‌ನಲ್ಲಿ ಬೆಲ್ಟಿನ ರಬ್ಬರ್ ಊದಿ, ಚೂರುಚೂರಾಗಿ ಉದುರಿ, ಪಂಪಿನ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಆಯಿಲ್ ಮೇಲಕ್ಕೆ ಹೋಗುವುದೇ ನಿಲ್ಲುತ್ತದೆ.

ಪ್ರಮಾಣ ಓದುವಾಗ ಒಂದು ಎಚ್ಚರಿಕೆ. ಕೆಲವು ಮ್ಯಾನ್ಯುಯಲ್‌ಗಳಲ್ಲಿ ಎರಡು ಮೂರು ಅಂಕಿಗಳಿರುತ್ತವೆ: ಫಿಲ್ಟರ್ ಬದಲಿಸದೆ, ಫಿಲ್ಟರ್ ಸಹಿತ, ಮತ್ತು ಪೂರ್ತಿ ಒಣಗಿದ ಎಂಜಿನ್‌ಗೆ. ಮೂರನೆಯದು ಎಂಜಿನ್ ಬಿಚ್ಚಿ ಕಟ್ಟಿದಾಗ ಮಾತ್ರ. ಎಷ್ಟು ಹೊತ್ತು ಬಸಿದರೂ ಒಳಗಿನ ದಾರಿಗಳಲ್ಲಿ ಸ್ವಲ್ಪ ಹಳೆ ಆಯಿಲ್ ಉಳಿದೇ ಇರುತ್ತದೆ. ಒಣ ಎಂಜಿನ್‌ನ ಅಂಕಿ ನೋಡಿ ಸುರಿದರೆ ಹೆಚ್ಚಾಗಿ ಹೋಗುತ್ತದೆ. ನಮಗೆ ಬೇಕಾದದ್ದು ‘ಫಿಲ್ಟರ್ ಸಹಿತ’ ಎಂಬ ಅಂಕಿ. ಸಣ್ಣ ಪೆಟ್ರೋಲ್ ಎಂಜಿನ್‌ಗಳಿಗೆ ಸಾಮಾನ್ಯವಾಗಿ 3ರಿಂದ 3.5 ಲೀಟರ್, ಎರಡು ಲೀಟರ್ ಡೀಸೆಲ್ ಎಂಜಿನ್‌ಗಳಿಗೆ 5ರ ಆಸುಪಾಸು.

ಸಾಮಾನು

ಆಯಿಲ್, ಫಿಲ್ಟರ್, ಡ್ರೇನ್ ಬೋಲ್ಟಿನ ಹೊಸ ವಾಷರ್, ಆರೇಳು ಲೀಟರ್ ಹಿಡಿಯುವ ಅಗಲ ಬಾಯಿಯ ಟಬ್, ಲಾಳಿಕೆ, ನೈಟ್ರೈಲ್ ಕೈಗವಸು, ಹಳೆ ಬಟ್ಟೆ, ಸರಿಯಾದ ಅಳತೆಯ ಸಾಕೆಟ್, ಫಿಲ್ಟರ್ ಬಿಚ್ಚುವ ರೆಂಚು, ಇಟ್ಟ ಅಂಕಿಯಷ್ಟು ಬಿಗಿಯಾದಾಗ ಕ್ಲಿಕ್ ಎನ್ನುವ ಟಾರ್ಕ್ ರೆಂಚು. ಕಾರು ಎತ್ತಲು ಜಾಕ್, ನಿಲ್ಲಿಸಲು ಒಂದು ಜೊತೆ ಜಾಕ್ ಸ್ಟ್ಯಾಂಡ್.

ಟಾರ್ಕ್ ರೆಂಚು ಕೊಳ್ಳುವಾಗ ಅದರ ವ್ಯಾಪ್ತಿ ನೋಡಿ. ಚಕ್ರದ ನಟ್ಟಿಗೆಂದು ಮಾರುವ ದೊಡ್ಡ ರೆಂಚು 40ರಿಂದ 200 ನ್ಯೂಟನ್ ಮೀಟರ್‌ನದಾಗಿದ್ದರೆ (ಬಿಗಿಯನ್ನು ಅಳೆಯುವುದು ಈ ಮಾನದಲ್ಲಿ), 25 ಬೇಕಾದ ಕಡೆ ಅದು ಪ್ರಯೋಜನಕ್ಕೆ ಬರುವುದಿಲ್ಲ. 10ರಿಂದ 60ರವರೆಗಿನ ಚಿಕ್ಕದು ಈ ಕೆಲಸಕ್ಕೆ ಸರಿ. ಸಾಕೆಟ್ ಆರು ಮೂಲೆಯದಾಗಿರಲಿ. ಹನ್ನೆರಡು ಮೂಲೆಯದು ಹಳೆ ಬೋಲ್ಟಿನ ತಲೆಯನ್ನು ಸವೆಸಿ ದುಂಡಗೆ ಮಾಡಿಬಿಡುತ್ತದೆ.

ಎತ್ತುವುದು

ಸಮತಟ್ಟಾದ ಗಟ್ಟಿ ನೆಲ, ಹ್ಯಾಂಡ್ ಬ್ರೇಕ್, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ. ಜಾಕ್ ಎತ್ತುವ ಸಾಧನ, ಹಿಡಿದು ನಿಲ್ಲಿಸುವ ಸಾಧನವಲ್ಲ. ಹೈಡ್ರಾಲಿಕ್ ಜಾಕ್‌ನಲ್ಲಿ ಒಂದು ಸೀಲ್ ಹೋದರೆ ಕಾರು ಕೆಳಗಿಳಿಯಲು ಒಂದು ಕ್ಷಣ ಸಾಕು. ಮ್ಯಾನ್ಯುಯಲ್ ತೋರಿಸಿದ ಜಾಗಗಳಲ್ಲಿ ಸ್ಟ್ಯಾಂಡ್ ಕೊಟ್ಟು, ಭಾರ ಅವುಗಳ ಮೇಲೆ ಕೂತ ಮೇಲೆ ಕಾರನ್ನು ಕೈಯಿಂದ ಜೋರಾಗಿ ಅಲ್ಲಾಡಿಸಿ ನೋಡಿ. ಅಲುಗಿದರೆ ಇಳಿಸಿ, ಮತ್ತೆ ಮಾಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಬೇಡವೇ ಬೇಡ. ಅವು ಮುನ್ಸೂಚನೆ ಕೊಡದೆ ಸೀಳುತ್ತವೆ. ಸ್ಟೆಪ್ನಿ ಚಕ್ರವನ್ನು ಕಾರಿನ ಅಂಚಿನ ಕೆಳಗೆ ಮಲಗಿಸಿಟ್ಟರೆ ಇನ್ನೊಂದು ಆಸರೆ. ಗಾಲಿ ಹತ್ತಿಸುವ ರ‍್ಯಾಂಪ್ ಇದ್ದರೆ ಈ ತಲೆನೋವೇ ಕಡಿಮೆ. ನೆಲದಿಂದ ಎತ್ತರವಿರುವ ಗಾಡಿಗಳಲ್ಲಿ ಎತ್ತದೆಯೂ ಕೈ ಹೋಗುತ್ತದೆ.

ಎತ್ತುವ ಮೊದಲೇ ಎಂಜಿನ್ ಐದು ನಿಮಿಷ ಓಡಿಸಿ ಆಫ್ ಮಾಡಿ. ಬೆಚ್ಚಗಿನ ಆಯಿಲ್ ಬೇಗ ಹರಿಯುತ್ತದೆ, ಕೊಳೆಯನ್ನೂ ಹೊತ್ತು ತರುತ್ತದೆ. ದೂರ ಓಡಿಸಿ ಬಂದ ಕೂಡಲೇ ಮಾತ್ರ ಬೇಡ. 90 ಡಿಗ್ರಿ ಬಿಸಿಯ ಆಯಿಲ್ ಮುಂಗೈ ಮೇಲೆ ಬಿದ್ದರೆ ಗಾಯ ಆಳವಾಗುತ್ತದೆ. ಬರಿಗೈಲಿ ಚೇಂಬರ್ (ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಬಟ್ಟಲು) ಮುಟ್ಟಲು ಆಗುವಷ್ಟು ಬಿಸಿ ಸರಿಯಾದ ಹದ.

ಬಸಿಯುವುದು

ಬಾನೆಟ್ ತೆರೆದು ಆಯಿಲ್ ತುಂಬುವ ಮುಚ್ಚಳ ಸಡಿಲಿಸಿ, ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಸ್ವಲ್ಪ ಮೇಲಕ್ಕೆಳೆದಿಡಿ. ಗಾಳಿ ಒಳಗೆ ಹೋದರೆ ಆಯಿಲ್ ಒಂದೇ ಧಾರೆಯಾಗಿ ಇಳಿಯುತ್ತದೆ. ಕೆಳಗೆ ಪ್ಲಾಸ್ಟಿಕ್ ಕವರ್ ಇದ್ದರೆ ಅದರ ಸ್ಕ್ರೂಗಳು ಒಂದೇ ಉದ್ದದವಲ್ಲ. ಯಾವುದು ಎಲ್ಲಿಯದೆಂದು ಫೋಟೊ ತೆಗೆದಿಟ್ಟುಕೊಳ್ಳಿ.

ಈಗ ಬೋಲ್ಟು ಹುಡುಕುವುದು. ಇಲ್ಲಿ ನಿಧಾನಿಸಿ. ಎಂಜಿನ್‌ನ ಪಕ್ಕದಲ್ಲೇ ಗೇರ್‌ಬಾಕ್ಸ್ ಇರುತ್ತದೆ, ಅದಕ್ಕೂ ಡ್ರೇನ್ ಬೋಲ್ಟ್ ಇರುತ್ತದೆ, ನೋಡಲೂ ಹೆಚ್ಚುಕಡಿಮೆ ಹಾಗೇ ಕಾಣುತ್ತದೆ. ಗೇರ್ ಆಯಿಲ್ ಬಸಿದು, ಹಳೆಯದು ತುಂಬಿರುವ ಎಂಜಿನ್‌ಗೆ ಹೊಸದನ್ನೂ ಸುರಿದರೆ ಒಂದೇ ತಪ್ಪಿನಿಂದ ಎರಡೂ ಹಾಳು. ಬೆಲ್ಟುಗಳು ಓಡುವ ಬದಿ ಎಂಜಿನ್‌ನದು. ಚಕ್ರಗಳನ್ನು ತಿರುಗಿಸುವ ಡ್ರೈವ್ ಶಾಫ್ಟ್‌ಗಳು ಹೊರಡುವ ಪೆಟ್ಟಿಗೆ ಗೇರ್‌ಬಾಕ್ಸ್. ಫಿಲ್ಟರ್ ಕೂತಿರುವುದೂ ಎಂಜಿನ್ ಮೇಲೆಯೇ. ಹೊರಬಂದದ್ದು ಕೆಂಪಾಗಿಯೋ ಹಸಿರಾಗಿಯೋ ತಿಳಿಯಾಗಿಯೋ ಇದ್ದರೆ, ಘಾಟು ವಾಸನೆ ಬಂದರೆ, ಕೂಡಲೇ ಬೋಲ್ಟು ಹಾಕಿ ಮುಚ್ಚಿ, ಮುಂದಿನ ಹೆಜ್ಜೆ ಇಡುವ ಮೊದಲು ಪೂರ್ತಿ ಖಾತ್ರಿ ಮಾಡಿಕೊಳ್ಳಿ.

ಫಿಲ್ಟರ್ ಬಟ್ಟಲಿನೊಳಗಿನ ಕಾಗದದ ಕಾರ್ಟ್ರಿಜ್ ಆಗಿದ್ದು ಎಂಜಿನ್ ಮೇಲ್ಭಾಗದಲ್ಲಿದ್ದರೆ, ಬೋಲ್ಟಿಗಿಂತ ಮೊದಲು ಆ ಮುಚ್ಚಳವನ್ನೇ ಸಡಿಲಿಸಿ. ಹಲವು ಎಂಜಿನ್‌ಗಳಲ್ಲಿ ಆಗ ಬಟ್ಟಲಿನ ಆಯಿಲ್ ತಾನಾಗಿ ಚೇಂಬರ್‌ಗೆ ಇಳಿದು, ಎಲ್ಲವೂ ಒಟ್ಟಿಗೆ ಬಸಿಯುತ್ತದೆ.

ಬೋಲ್ಟನ್ನು ರೆಂಚಿನಿಂದ ಅರ್ಧ ಸುತ್ತು ಸಡಿಲಿಸಿ, ಉಳಿದದ್ದನ್ನು ಬೆರಳಿನಿಂದ. ಬಿಚ್ಚುವಾಗ ಬೋಲ್ಟನ್ನು ಮೇಲಕ್ಕೆ ಒತ್ತಿ ಹಿಡಿದಿರಿ. ಕೊನೆಯ ಥ್ರೆಡ್ ಬಿಟ್ಟದ್ದು ಕೈಗೆ ಗೊತ್ತಾಗುತ್ತದೆ, ಆಗ ಸರಕ್ಕನೆ ಪಕ್ಕಕ್ಕೆ ಎಳೆದುಕೊಳ್ಳಿ. ಮೊದಲ ಧಾರೆ ನೇರ ಕೆಳಗೆ ಬೀಳದೆ ಒಂದಡಿ ಮುಂದಕ್ಕೆ ಹಾರುತ್ತದೆ, ಒತ್ತಡ ಇಳಿದಂತೆ ಹಿಂದಕ್ಕೆ ಬರುತ್ತದೆ. ಟಬ್ ಅದಕ್ಕೆ ತಕ್ಕಂತೆ ಇಡಿ. ಹದಿನೈದು ನಿಮಿಷ ಬಿಡಿ. ಕೊನೆಯ ಹನಿಯವರೆಗೂ ಕಾಯುವ ಅಗತ್ಯವಿಲ್ಲ.

ಕಾಯುವಾಗ ಹಳೆ ಆಯಿಲ್ ನೋಡಿ. ಕಪ್ಪು ಬಣ್ಣಕ್ಕೆ ಹೆದರಬೇಡಿ; ಡೀಸೆಲ್ ಎಂಜಿನ್‌ನಲ್ಲಿ ಹೊಸ ಆಯಿಲ್ ಕೆಲವೇ ಕಿಲೋಮೀಟರ್‌ಗಳಲ್ಲಿ ಕಪ್ಪಾಗುತ್ತದೆ, ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ಹೆದರಬೇಕಾದದ್ದು ಬೇರೆ. ಬಸಿದ ಆಯಿಲೇ ಹಾಲು ಬೆರೆಸಿದ ಕಾಫಿಯ ಹಾಗಿದ್ದರೆ ಕೂಲಂಟ್ ಸೇರಿದೆ ಎಂದರ್ಥ, ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್ ನೋಡಿಸಬೇಕು. ತುಂಬುವ ಮುಚ್ಚಳದ ಒಳಗೆ ಮಾತ್ರ ಅಂಥ ಲೋಳೆ ಇದ್ದು ಕೆಳಗಿನದು ಸರಿಯಿದ್ದರೆ ಅದು ಬಹುಮಟ್ಟಿಗೆ ಗಿಡ್ಡ ಓಡಾಟದಿಂದ ಕಟ್ಟಿದ ತೇವ. ಬಿಸಿಲಿಗೆ ಹಿಡಿದಾಗ ಹೊಳೆಯುವ ಪುಡಿ ತೇಲಿದರೆ ಬೇರಿಂಗ್ ಸವೆಯುತ್ತಿರಬಹುದು. ಬೋಲ್ಟಿನ ತುದಿಯಲ್ಲಿ ಅಯಸ್ಕಾಂತವಿದ್ದರೆ ಅದರ ಮೇಲಿನ ನುಣ್ಣನೆಯ ಬೂದು ಪೇಸ್ಟ್ ಸಹಜ, ಕೈಗೆ ಚುಚ್ಚುವ ಚೂರು ಸಹಜವಲ್ಲ. ಡೀಸೆಲ್ ಕಾರಿನಲ್ಲಿ ಮಟ್ಟ ಏರಿ ಆಯಿಲ್ ತೆಳುವಾಗಿ ಇಂಧನದ ವಾಸನೆ ಬಂದರೆ, ಡಿಪಿಎಫ್ ಶುದ್ಧಿಯ ಸುತ್ತುಗಳು ಅರ್ಧಕ್ಕೇ ನಿಂತು ಡೀಸೆಲ್ ಚೇಂಬರ್‌ಗೆ ಇಳಿಯುತ್ತಿರಬಹುದು.

ಬೋಲ್ಟಿನ ಬಿಗಿ

ಸೋರಿಕೆ ತಡೆಯುವುದು ಬೋಲ್ಟಿನ ಬಲವಲ್ಲ, ವಾಷರ್. ತಾಮ್ರದ್ದೋ ಅಲ್ಯೂಮಿನಿಯಂನದೋ ಆ ಮೆತ್ತನೆಯ ಉಂಗುರ ಎರಡು ಗಟ್ಟಿ ಮುಖಗಳ ನಡುವೆ ನಲುಗಿ ಸಂದುಗಳನ್ನು ತುಂಬುತ್ತದೆ. ಒಮ್ಮೆ ನಲುಗಿದ್ದು ಮತ್ತೆ ಅಷ್ಟು ಚೆನ್ನಾಗಿ ನಲುಗುವುದಿಲ್ಲ. ಹಳೆ ವಾಷರ್ ಹಾಕಿದವರು ಒಂದು ಹನಿ ಜಿನುಗಿದ್ದು ಕಂಡು ಇನ್ನಷ್ಟು ಬಿಗಿಯುತ್ತಾರೆ, ಮುಂದಿನ ಸಲ ಇನ್ನೂ ಒಂದಿಷ್ಟು. ಥ್ರೆಡ್ ಕಿತ್ತು ಬರುವುದು ಹೀಗೆಯೇ. ಹಲವು ಕಾರುಗಳಲ್ಲಿ ಚೇಂಬರ್ ಅಲ್ಯೂಮಿನಿಯಂ, ಬೋಲ್ಟು ಉಕ್ಕು. ಅಲ್ಲಿ ಸೋಲುವುದು ಚೇಂಬರ್. ಹಳೆ ವಾಷರ್ ಕೆಲವೊಮ್ಮೆ ಚೇಂಬರ್‌ಗೇ ಅಂಟಿಕೊಂಡಿರುತ್ತದೆ. ಅದನ್ನು ಉಗುರಿನಿಂದ ಕೆರೆದು ನೋಡದೆ ಹೊಸದನ್ನು ಹಾಕಬೇಡಿ.

ಟೊಯೋಟಾದ ಬಹಳಷ್ಟು ಪೆಟ್ರೋಲ್ ಎಂಜಿನ್‌ಗಳಲ್ಲಿ ಎಂ12 ಬೋಲ್ಟು, 14 ಮಿ.ಮೀ. ತಲೆ, ಹೋಂಡಾದ ಬಹಳಷ್ಟರಲ್ಲಿ ಎಂ14, 17 ಮಿ.ಮೀ. ತಲೆ. ಎರಡಕ್ಕೂ ಹೇಳಿರುವ ಬಿಗಿ 40 ನ್ಯೂಟನ್ ಮೀಟರ್ ಆಸುಪಾಸು. ಬೇರೆ ಕಂಪನಿಗಳಲ್ಲಿ 25, 30 ಕೂಡ ಉಂಟು, ಆದ್ದರಿಂದ ನಿಮ್ಮ ಎಂಜಿನ್‌ನ ಅಂಕಿಯನ್ನೇ ಹುಡುಕಿ. 40 ಎಂದರೆ 20 ಸೆಂ.ಮೀ. ಉದ್ದದ ಸ್ಪ್ಯಾನರ್‌ನ ತುದಿಯಲ್ಲಿ ಸುಮಾರು 20 ಕೆ.ಜಿ. ಭಾರದ ಎಳೆತ. ಅದೇ ಎಳೆತವನ್ನು 60 ಸೆಂ.ಮೀ. ಪೈಪು ಸಿಕ್ಕಿಸಿ ಕೊಟ್ಟರೆ 120 ಆಗುತ್ತದೆ. ಉದ್ದದ ಹಿಡಿಕೆ ಬಿಚ್ಚಲು ಮಾತ್ರ, ಬಿಗಿಯಲು ಅಲ್ಲ.

ಬೋಲ್ಟನ್ನೂ ಚೇಂಬರ್‌ನ ಮುಖವನ್ನೂ ಒರೆಸಿ, ಹೊಸ ವಾಷರ್ ಹಾಕಿ, ಮೊದಲ ನಾಲ್ಕೈದು ಸುತ್ತು ಬೆರಳಿನಿಂದಲೇ ತಿರುಗಿಸಿ. ಬೆರಳಿಗೆ ಹಗುರವಾಗಿ ಹೋಗದಿದ್ದರೆ ಥ್ರೆಡ್ ಓರೆಯಾಗಿ ಕೂತಿದೆ. ಬಿಚ್ಚಿ ಮತ್ತೆ ಕೂರಿಸಿ. ಕೊನೆಗೆ ಟಾರ್ಕ್ ರೆಂಚು. ಒಂದು ಕ್ಲಿಕ್ ಸಾಕು, ಖಾತ್ರಿಗೆಂದು ಎರಡನೆಯ ಸಲ ಎಳೆಯಬೇಡಿ. ಕೆಲವು ಎಂಜಿನ್‌ಗಳಲ್ಲಿ ಚೇಂಬರ್ ಪ್ಲಾಸ್ಟಿಕ್, ಡ್ರೇನ್ ಪ್ಲಗ್ಗೂ ಪ್ಲಾಸ್ಟಿಕ್. ಅಂಥ ಪ್ಲಗ್ಗನ್ನು ಪ್ರತಿ ಸಲವೂ ಹೊಸದು ಹಾಕಬೇಕು.

ಥ್ರೆಡ್ ಈಗಾಗಲೇ ಹೋಗಿದ್ದರೆ ಟೆಫ್ಲಾನ್ ಟೇಪು, ಅಂಟು ಹಚ್ಚಿ ದಾರಿಗೆ ಇಳಿಯಬೇಡಿ. ರಂಧ್ರ ಕೊರೆದು ಉಕ್ಕಿನ ಥ್ರೆಡ್ ಇನ್ಸರ್ಟ್ ಕೂರಿಸುವುದು ಶಾಶ್ವತ ಪರಿಹಾರ, ಇಲ್ಲವಾದರೆ ಚೇಂಬರ್ ಬದಲಿಸುವುದು.

ಫಿಲ್ಟರ್

ಡಬ್ಬದಂಥ ಫಿಲ್ಟರ್ ಆದರೆ ಹಳೆಯದನ್ನು ಬಿಚ್ಚಿದ ಕೂಡಲೇ ಅದರ ರಬ್ಬರ್ ಉಂಗುರ ಜೊತೆಗೇ ಬಂತೇ ಎಂದು ನೋಡಿ. ಅದು ಎಂಜಿನ್‌ಗೆ ಅಂಟಿ ಉಳಿದು, ಅದರ ಮೇಲೆಯೇ ಹೊಸ ಫಿಲ್ಟರ್ ಕೂತರೆ ಎರಡು ರಬ್ಬರ್ ಒಂದರ ಮೇಲೊಂದು. ಮೊದಲಿಗೆ ಸೋರುವುದಿಲ್ಲ. ತಣ್ಣಗಿನ ಎಂಜಿನ್ ಶುರುವಾದಾಗ ಒತ್ತಡ 4–5 ಬಾರ್ ಮುಟ್ಟಿದ್ದೇ ರಬ್ಬರ್ ಜಾರಿ, ಕೆಲವೇ ನಿಮಿಷಗಳಲ್ಲಿ ಇಡೀ ಚೇಂಬರ್ ರಸ್ತೆ ಮೇಲೆ ಬರಿದಾಗುತ್ತದೆ. ಈ ಕೆಲಸದಲ್ಲಿ ಎಂಜಿನ್ ಕೊಲ್ಲುವ ತಪ್ಪು ಯಾವುದೆಂದು ಕೇಳಿದರೆ ಮೊದಲು ಇದನ್ನೇ ಹೇಳುತ್ತೇನೆ. ಕಣ್ಣಿಗೆ ಕಾಣದ ಜಾಗವಾದರೆ ಬೆರಳಾಡಿಸಿ ನೋಡಿ.

ಹೊಸ ರಬ್ಬರ್‌ಗೆ ಹೊಸ ಆಯಿಲ್ ತೆಳುವಾಗಿ ಸವರಿ. ಒಣ ರಬ್ಬರ್ ಲೋಹಕ್ಕೆ ಕಚ್ಚಿಕೊಂಡು ತಿರುಚುತ್ತದೆ, ಕೈಗೆ ಬಿಗಿಯಾದಂತೆ ಭಾಸವಾಗುತ್ತದೆ, ನಿಜವಾಗಿ ಆಗಿರುವುದಿಲ್ಲ. ರಬ್ಬರ್ ಮುಖಕ್ಕೆ ತಾಗಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು, ಕೈಯಿಂದಲೇ. ಫಿಲ್ಟರ್ ಮೇಲೆ ಬೇರೆ ಅಳತೆ ಮುದ್ರಿಸಿದ್ದರೆ ಅದೇ ಸರಿ. ರೆಂಚು ಬಿಚ್ಚುವುದಕ್ಕೆ ಇರುವುದು. ಫಿಲ್ಟರ್ ಬಾಯಿ ಮೇಲಾಗಿ ನೆಟ್ಟಗೆ ಕೂರುವಂಥದ್ದಾದರೆ ಅರ್ಧ ಆಯಿಲ್ ತುಂಬಿ ಹಾಕಬಹುದು. ಅಡ್ಡಡ್ಡ ಕೂರುವುದಾದರೆ ಚೆಲ್ಲುವುದಷ್ಟೇ ಲಾಭ, ಬಿಟ್ಟುಬಿಡಿ.

ಕಾರ್ಟ್ರಿಜ್ ಫಿಲ್ಟರ್‌ನಲ್ಲಿ ತಪ್ಪುವುದು ಓ-ರಿಂಗ್ (ರಬ್ಬರ್ ಉಂಗುರ) ಕೂರುವ ಜಾಗ. ಮುಚ್ಚಳದಲ್ಲಿ ಥ್ರೆಡ್ಡಿನ ಮೇಲೂ ಕೆಳಗೂ ಉಂಗುರದಂಥ ತಗ್ಗುಗಳಿರುತ್ತವೆ. ಹಳೆಯದು ಎಲ್ಲಿತ್ತೋ ಅಲ್ಲೇ ಹೊಸದು ಕೂರಬೇಕು. ಒಳಗಿನ ಕಡ್ಡಿಯ ತುದಿಯಲ್ಲಿ ಇನ್ನೊಂದು ಪುಟ್ಟ ಓ-ರಿಂಗ್ ಇದ್ದರೆ ಅದನ್ನೂ ಬದಲಿಸಿ. ಮುಚ್ಚಳದ ಮೇಲೆಯೇ ಬಿಗಿಯ ಅಂಕಿ ಮುದ್ರಿಸಿರುತ್ತಾರೆ, ಹಲವುದರಲ್ಲಿ 25 ನ್ಯೂಟನ್ ಮೀಟರ್. ಪ್ಲಾಸ್ಟಿಕ್ ಮುಚ್ಚಳ ಅದಕ್ಕಿಂತ ಹೆಚ್ಚು ತಾಳುವುದಿಲ್ಲ.

ತುಂಬುವುದು, ಮಟ್ಟ ನೋಡುವುದು

ಕಾರನ್ನು ಇಳಿಸಿ, ಸಮತಟ್ಟಾಗಿ ನಿಲ್ಲಿಸಿಯೇ ಮಟ್ಟ ನೋಡಬೇಕು. ಮ್ಯಾನ್ಯುಯಲ್ 3.5 ಲೀಟರ್ ಹೇಳಿದರೆ ಮೊದಲು 3 ಮಾತ್ರ ಸುರಿದು, ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿ. ಆಕ್ಸಲರೇಟರ್ ಮುಟ್ಟಬೇಡಿ, ಖಾಲಿ ಫಿಲ್ಟರ್ ತುಂಬುವವರೆಗೆ ಬೇರಿಂಗ್‌ಗಳಿಗೂ ಟರ್ಬೊಗೂ ಒತ್ತಡದ ಆಯಿಲ್ ತಲುಪಿರುವುದಿಲ್ಲ. ಆಯಿಲ್ ದೀಪ ಎರಡು ಮೂರು ಸೆಕೆಂಡಿನಲ್ಲಿ ಆರಬೇಕು. ಹತ್ತು ಸೆಕೆಂಡಾದರೂ ಉರಿಯುತ್ತಿದ್ದರೆ ಆಫ್ ಮಾಡಿ ಕಾರಣ ಹುಡುಕಿ. ದೀಪ ಆರಿದರೆ ಒಂದು ನಿಮಿಷ ಓಡಲಿ. ಅಷ್ಟರಲ್ಲಿ ಬಗ್ಗಿ ಟಾರ್ಚ್ ಬಿಟ್ಟು ಬೋಲ್ಟನ್ನೂ ಫಿಲ್ಟರನ್ನೂ ನೋಡಿ, ಕಾರಿನ ಕೆಳಗೆ ಮಾತ್ರ ಹೋಗಬೇಡಿ.

ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ತೆಗೆದು, ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ತೆಗೆಯಿರಿ. ಎರಡೂ ಮುಖ ನೋಡಿ. ಕಡಿಮೆ ತೋರಿಸುವ ಮುಖವನ್ನೇ ನಂಬಿ. ಬಹಳಷ್ಟು ಕಾರುಗಳಲ್ಲಿ ಕೆಳಗಿನ ಗುರುತಿಗೂ ಮೇಲಿನ ಗುರುತಿಗೂ ನಡುವೆ ಸುಮಾರು ಒಂದು ಲೀಟರ್. ಹಾಗಾಗಿ ನಡುವಿನಲ್ಲಿದ್ದರೆ ಕಾಲು ಲೀಟರ್ ಸೇರಿಸಿದಾಗ ಮುಕ್ಕಾಲಿಗೆ ಬರುತ್ತದೆ. ಮುಕ್ಕಾಲಿಗೂ ಮೇಲಿನ ಗುರುತಿಗೂ ನಡುವೆ ನಿಲ್ಲಿಸಿ. ನಾಲ್ಕು ಲೀಟರ್ ಆಯಿಲ್ 20 ಡಿಗ್ರಿಯಿಂದ 90ಕ್ಕೆ ಬಿಸಿಯಾದರೆ ಸುಮಾರು 200 ಮಿ.ಲೀ. ಹಿಗ್ಗುತ್ತದೆ, ಆದ್ದರಿಂದ ತಣ್ಣಗೆ ನೋಡಬೇಕೋ ಬಿಸಿಯಾಗಿ ನೋಡಬೇಕೋ ಎಂದು ಮ್ಯಾನ್ಯುಯಲ್ ಹೇಳಿದಂತೆ ಪ್ರತಿ ಸಲ ಒಂದೇ ರೀತಿ ನೋಡಿ.

ಮೇಲಿನ ಗುರುತು ದಾಟಿದರೆ ‘ಸ್ವಲ್ಪ ಹೆಚ್ಚಿದ್ದರೆ ಒಳ್ಳೆಯದೇ’ ಎಂದು ಬಿಡುವುದು ದೊಡ್ಡ ತಪ್ಪು. ಮಟ್ಟ ತೀರಾ ಏರಿದರೆ ತಿರುಗುವ ಕ್ರ್ಯಾಂಕ್ ಶಾಫ್ಟ್ ಆಯಿಲನ್ನು ಹೊಡೆದು ನೊರೆ ಎಬ್ಬಿಸುತ್ತದೆ. ಪಂಪು ಗಾಳಿ ಬೆರೆತ ಆಯಿಲ್ ಕಳಿಸುತ್ತದೆ, ಒತ್ತಡ ಕುಸಿಯುತ್ತದೆ. ಉಸಿರು ಕೊಳವೆಯ ಮೂಲಕ ಆಯಿಲ್ ಗಾಳಿದಾರಿಗೆ ಸೇರಿ ಉರಿದರೆ ನೀಲಿ ಹೊಗೆ, ಕೊನೆಗೆ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಪೆಟ್ಟು. ಡೀಸೆಲ್ ಎಂಜಿನ್ ಅದೇ ಆಯಿಲನ್ನು ಇಂಧನವಾಗಿ ನುಂಗಿ ಕೀ ತೆಗೆದರೂ ನಿಲ್ಲದೆ ವೇಗವೇರಿಸಿಕೊಳ್ಳಬಹುದು. ಹೆಚ್ಚಾದದ್ದನ್ನು ತೆಗೆಯಲು ಬೋಲ್ಟು ಬಿಚ್ಚಬೇಡಿ. ಡಿಪ್‌ಸ್ಟಿಕ್ ಕೊಳವೆಯಲ್ಲಿ ತೆಳು ಪೈಪು ಇಳಿಸಿ ದೊಡ್ಡ ಸಿರಿಂಜಿನಿಂದ ಎಳೆದು ತೆಗೆಯಿರಿ.

ಡಿಪ್‌ಸ್ಟಿಕ್ಕೇ ಇಲ್ಲದ ಕಾರುಗಳಲ್ಲಿ ಪರದೆಯ ಮೇಲಿನ ಮಾಪನ ನಂಬಬೇಕು. ಅಲ್ಲಿ ಅಳತೆ ಜಗ್ಗಿನಿಂದ ಎಣಿಸಿ ಸುರಿಯುವುದು ಇನ್ನೂ ಮುಖ್ಯ.

ಕೊನೆಯಲ್ಲಿ ಸರ್ವಿಸ್ ರಿಮೈಂಡರ್ ರೀಸೆಟ್ ಮಾಡಿ, ದಿನಾಂಕ, ಕಿಲೋಮೀಟರ್, ಆಯಿಲ್‌ನ ಹೆಸರು ಬರೆದಿಡಿ, ಬಿಲ್ಲು ಎತ್ತಿಡಿ. ವಾರಂಟಿ ಪ್ರಶ್ನೆ ಬಂದರೆ ಬೇಕಾಗುವುದು ಇವೇ. ಕೆಳಗಿನ ಪ್ಲಾಸ್ಟಿಕ್ ಕವರ್ ಕೂಡಲೇ ಹಾಕಬೇಡಿ. ಹತ್ತಾರು ಕಿಲೋಮೀಟರ್ ಓಡಿಸಿ, ರಾತ್ರಿ ಕಾರಿನ ಕೆಳಗೆ ರಟ್ಟು ಹಾಸಿಟ್ಟು, ಬೆಳಿಗ್ಗೆ ಹನಿ ಬಿದ್ದಿದೆಯೇ ನೋಡಿ. ಮಟ್ಟವನ್ನೂ ಆಗಲೇ ಇನ್ನೊಮ್ಮೆ ನೋಡಿ. ರಟ್ಟು ಒಣಗಿದ್ದರೆ ಕವರ್ ಹಾಕಬಹುದು.

ಹಳೆ ಆಯಿಲ್ ಹೊಸದು ಬಂದ ಡಬ್ಬಕ್ಕೇ ಹೋಗಲಿ. ಚರಂಡಿಗೆ, ಮಣ್ಣಿಗೆ ಒಂದು ಲೋಟವೂ ಬೇಡ. ಚರ್ಮಕ್ಕೂ ಪದೇ ಪದೇ ತಾಗಬಾರದು. ಅದರ ಜೊತೆ ಕೂಲಂಟ್, ಬ್ರೇಕ್ ಆಯಿಲ್, ಪೆಟ್ರೋಲ್ ಬೆರೆಸಬೇಡಿ, ಬೆರೆಸಿದರೆ ಅದನ್ನು ಮತ್ತೆ ಶುದ್ಧೀಕರಿಸುವವರು ತೆಗೆದುಕೊಳ್ಳಲಾರರು. ಹಳೆ ಫಿಲ್ಟರನ್ನು ಬಾಯಿ ಕೆಳಗಾಗಿ ಒಂದು ದಿನ ಟಬ್ಬಿನ ಮೇಲೆ ಬಿಟ್ಟರೆ ಒಳಗೆ ಉಳಿದದ್ದೂ ಬಸಿಯುತ್ತದೆ. ಆಮೇಲೆ ಎರಡನ್ನೂ ಬಳಸಿದ ಆಯಿಲ್ ಸಂಗ್ರಹಿಸುವ ಕಡೆಗೆ ಕೊಡಿ.